ಮೈರಿಯ ಎರಡನೆಯ ವಾಕ್ಯ

“ಮಿಸ್, ‘ಮಿಸ್’ ಅಂದ್ರೆ ನೀವೇ ಅಲ್ವಾ?” ಎಂದು ಡೂಗಲ್ ಕೇಳಿದಾಗ ಆರು ಮಕ್ಕಳು ನಕ್ಕರು. ಆ ದ್ವೀಪದ ಶಾಲೆಯಲ್ಲಿ ಇದ್ದದ್ದೇ ಏಳು ಮಕ್ಕಳು. ನಗದೆ ಕೂತ ಏಳನೆಯವಳು ಮೈರಿ.

“ಅದು ಹೆಸರಿನ ಮುಂದೆ ಬರೋ ಮಿಸ್ ಕಣೋ. ನಾನು ಹೇಳ್ತಿರೋದು ಕ್ರಿಯಾಪದ,” ಎಂದರು ಮಿಸ್ ಮಕ್‌ಫೇಲ್. “ಪದ ಒಂದೇ, ಅರ್ಥ ಬೇರೆ ಬೇರೆ. ಗುರಿ ತಪ್ಪೋದು, ಬಸ್ಸು ತಪ್ಪೋದು, ಇಲ್ಲದವರ ನೆನಪು ಕಾಡೋದು. ನಾಳೆ ಮೂರು ವಾಕ್ಯ ಬರ್ಕೊಂಡು ಬನ್ನಿ.”

ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು ಮೈರಿ ಮೊದಲನೆಯದನ್ನು ಬರೆದಳು. ‘ಡೂಗಲ್ ಗೋಲ್ ಮಿಸ್ ಮಾಡಿದ.’

ಎರಡನೆಯದು ತಾನಾಗಿಯೇ ಬಂತು. ‘ನನ್ನಿಂದ ಹಡಗು ಮಿಸ್ ಆಯಿತು.’

ಅವಳು ತಕ್ಷಣ ರಬ್ಬರ್ ತೆಗೆದುಕೊಂಡು ಉಜ್ಜಿದಳು. ಹಾಳೆ ಹರಿಯುವವರೆಗೂ ಉಜ್ಜಿದಳು.

ಏಪ್ರಿಲ್‌ನಲ್ಲಿ ತಾತ ಸಮುದ್ರದಾಚೆಯ ಓಬನ್ ಊರಿನ ಆಸ್ಪತ್ರೆಯಲ್ಲಿದ್ದ. ಜೊತೆಗೆ ಅಜ್ಜಿ ಇದ್ದಳು. ‘ಬೇಗ ಬನ್ನಿ’ ಎಂದು ಅಜ್ಜಿ ಫೋನ್ ಮಾಡಿದ ದಿನ, ಮೈರಿ ತಾಯಿಯಿಲ್ಲದ ಕುರಿಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಅಮ್ಮ ಎಷ್ಟು ಕೂಗಿದರೂ “ಒಂದೇ ನಿಮಿಷ!” ಎನ್ನುತ್ತಲೇ ಇದ್ದಳು. ಅವರು ಕಾರಿನಲ್ಲಿ ದಡ ತಲುಪಿದಾಗ ಹಡಗು ಆಗಲೇ ಹೊರಟುಬಿಟ್ಟಿತ್ತು. ಮುಂದಿನ ಹಡಗು ಎರಡು ದಿನ ಬಿಟ್ಟು. ಅಷ್ಟರಲ್ಲಿ ತಾತ ಹೋಗಿಬಿಟ್ಟಿದ್ದ.

ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಮೈರಿಗೆ ಎಷ್ಟೋ ಸಲ ಅನ್ನಿಸಿತ್ತು.

ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಅಜ್ಜಿ ಹರಿದ ಹಾಳೆಯನ್ನು ನೋಡಿದಳು. “ಅಯ್ಯೋ, ಪಾಪ ಆ ಪುಸ್ತಕ ನಿಂಗೇನು ಮಾಡ್ತು?”

ಮೈರಿಗೆ ತಡೆಯಲಾಗಲಿಲ್ಲ. “ಆವತ್ತು ಹಡಗಿಗೆ ತಡ ಮಾಡಿದ್ದು ನಾನೇ ಅಜ್ಜಿ. ಅಮ್ಮ ಅಲ್ಲ. ತಾತ... ತಾತ ನಮಗೋಸ್ಕರ ಕಾಯ್ತಿದ್ನಾ?”

ಅಜ್ಜಿ ಚಾಕು ಕೆಳಗಿಟ್ಟಳು.

“ಹೂಂ. ಕಾಯ್ತಿದ್ದ,” ಎಂದಳು. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

ಮೈರಿ ತಲೆ ತಗ್ಗಿಸಿದಳು.

“ಕೇಳಿಲ್ಲಿ, ಮರಿ. ಕೊನೇ ಗಳಿಗೇಲಿ ನಾನೂ ಅವನ ಹತ್ರ ಇರ್ಲಿಲ್ಲ.”

“ನೀನು ಅಲ್ಲೇ ಇದ್ಯಲ್ಲ!”

“ಐದು ದಿನ ಆ ಕುರ್ಚಿ ಬಿಟ್ಟು ಎದ್ದಿರ್ಲಿಲ್ಲ. ಆವತ್ತು ನರ್ಸು ‘ಒಂದು ಕಪ್ ಟೀ ಕುಡ್ಕೊಂಡು ಬನ್ನಿ, ನಾನಿರ್ತೀನಿ’ ಅಂದ್ಲು. ಹೋದೆ. ವಾಪಸ್ ಬರೋಷ್ಟರಲ್ಲಿ...” ಅಜ್ಜಿ ತನ್ನ ಒದ್ದೆ ಕೈಗಳನ್ನೇ ನೋಡಿಕೊಂಡಳು. “ಇದನ್ನ ನಿಮ್ಮಮ್ಮಂಗೂ ಹೇಳಿಲ್ಲ.”

ಗೋಡೆಯಾಚೆ ಕುರಿಗಳು ಅರಚುತ್ತಿದ್ದವು. ಇಷ್ಟು ದಿನ ಒಂದೇ ಮನೆಯಲ್ಲಿ, ಒಂದೇ ಮೇಜಿಗೆ ಕೂತು ಉಣ್ಣುತ್ತಿದ್ದ ಅಜ್ಜಿಯನ್ನು ಮೈರಿ ಈಗಷ್ಟೇ ನೋಡುತ್ತಿರುವವಳಂತೆ ನೋಡಿದಳು.

“ಟೀ ಚೆನ್ನಾಗಿತ್ತಾ?” ಎಂದು ಮೆಲ್ಲಗೆ ಕೇಳಿದಳು.

“ಥೂ! ಬರೀ ಬಿಸಿನೀರು. ಆದ್ರೂ ಪೂರ್ತಿ ಕುಡಿದೆ ನೋಡು, ದಡ್ಡಿ ನಾನು.”

ಇಬ್ಬರಿಗೂ ನಗು ಬಂತು. ಅಜ್ಜಿಯ ನಗು ಅರ್ಧಕ್ಕೇ ನಿಂತಿತು. ಮೈರಿ ತನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಅವಳ ಪಕ್ಕ ಹಾಕಿಕೊಂಡಳು. ಹೊಸ ಹಾಳೆ ತಿರುಗಿಸಿ ಬರೆದಳು. ‘ನಾವು ಹಡಗು ಮಿಸ್ ಮಾಡಿಕೊಂಡೆವು.’

“ಮೂರನೇದು ನೀನು ಹೇಳು ಅಜ್ಜಿ. ನಾನು ಬರೀತೀನಿ.”

“ನಾನು ನಿನ್ನ ತಾತನ್ನ...” ಎಂದು ಶುರುಮಾಡಿದಳು ಅಜ್ಜಿ. ಅಷ್ಟಕ್ಕೇ ನಿಲ್ಲಿಸಿ ಒದ್ದೆ ಕೈಗಳನ್ನು ಒರೆಸಿಕೊಂಡಳು.

ಮೈರಿ ಅವಸರ ಮಾಡಲಿಲ್ಲ. ಪೆನ್ಸಿಲ್ ಹಿಡಿದುಕೊಂಡು, ಅಜ್ಜಿಯ ತೋಳಿಗೆ ಒರಗಿ ಕೂತಳು.