ಕೆಂಪು ಮುಚ್ಚಳ

ಅವಳ ಮುಖ ಹೇಗಿದೆ ಎಂದು ಗೊತ್ತಾಗುವ ಮೊದಲೇ ಅವನು ಅವಳ ಮೇಲೆ ಚಾಡಿ ಹೇಳಿದ್ದ. ಅದೂ ಅವಳ ಹತ್ತಿರವೇ.

ಕ್ಯಾಂಟೀನಿನಲ್ಲಿ ಚಹಾದ ಸಾಲು ಉದ್ದವಿತ್ತು. ಪಕ್ಕದಲ್ಲಿ ಕಪ್ಪು ಹಿಡಿದು ನಿಂತಿದ್ದವಳು ಅಪರಿಚಿತೆ. ಹೇಳಿದ್ದನ್ನು ಕೇಳಿಸಿಕೊಳ್ಳುವಂಥ ಮುಖ. ಅವನಿಗೆ ಅಷ್ಟು ಸಾಕಾಯಿತು.

"ನೀವು ಯಾವ ಸೆಕ್ಷನ್ನೋ ಗೊತ್ತಿಲ್ಲ, ಪುಣ್ಯವಂತರು," ಎಂದ. "ನಮ್ಮ ಕ್ಲೀನ್ ರೂಮಲ್ಲಿ ಒಬ್ಬರು ಕ್ವಾಲಿಟಿ ಮೇಡಂ ಇದ್ದಾರೆ. ಒಂದು ಸ್ಕ್ರೂ ತಿರುಗಿಸಿದ್ರೆ ಅದರ ಅಪ್ಪ, ಅಜ್ಜ, ಮುತ್ತಜ್ಜನ ಹೆಸರು ಕೇಳ್ತಾರೆ."

"ಅಯ್ಯೋ ಪಾಪ. ತುಂಬಾ ಜೋರಾ?"

"ಜೋರು ಅಂದ್ರೆ? ಅವರ ಭಯಕ್ಕೆ ಒಳಗೆ ಧೂಳು ಬರಲ್ಲ. ಅಷ್ಟೊಂದು ಫಿಲ್ಟರ್ ಹಾಕ್ಸಿದ್ದು ದಂಡ."

"ನೋಡೋಕೆ ಹೇಗಿದಾರೆ?"

"ಯಾರಿಗೆ ಗೊತ್ತು? ಕಣ್ಣು ಮಾತ್ರ ಕಾಣುತ್ತೆ." ಆಮೇಲೆ, ಯಾರೂ ಕೇಳದ ಸತ್ಯವೊಂದನ್ನು ಸೇರಿಸಿದ. "ಕಣ್ಣು, ಪರವಾಗಿಲ್ಲ."

ಅವಳು ಕಪ್ಪನ್ನು ತುಟಿಗೆತ್ತಿದಳು. ದೊಡ್ಡ ಕಪ್ಪು, ಮೂಗಿನಿಂದ ಕೆಳಗೆಲ್ಲ ಮರೆಯಾಯಿತು. ಉಳಿದ ಎರಡು ಕಣ್ಣು ಅವನನ್ನೇ ನೋಡಿದವು. ಎಡಗಡೆಯ ಹುಬ್ಬು ನಿಧಾನವಾಗಿ ಮೇಲೇರಿತು. ಎಷ್ಟೋ ತಿಂಗಳಿಂದ, ಆ ಹುಬ್ಬು ಏರಿದಾಗಲೆಲ್ಲ ಅವನು ಹಾಕಿದ ಸ್ಕ್ರೂ ಬಿಚ್ಚಿ ಮತ್ತೆ ಹಾಕಿದ್ದ.

ಚಹಾ ಅವನ ಅಂಗಿಯ ಮೇಲೆ ಬಿತ್ತು.

"'ಪರವಾಗಿಲ್ಲ' ಅಂತ ನಾವು ಬರೆಯೋದಿಲ್ಲ," ಎಂದಳು ಕ್ವಾಲಿಟಿ ಮೇಡಂ. "ಪಾಸೋ ಫೇಲೋ ಹೇಳ್ಬೇಕು."

"ಪಾಸು," ಎಂದ ಅವನು, ಅಂಗಿ ಒರೆಸಿಕೊಳ್ಳುತ್ತಾ.

ದೇಶದ ಬಾಹ್ಯಾಕಾಶ ಸಂಸ್ಥೆಯಲ್ಲಿ ನೌಕೆ ಜೋಡಿಸುವ ಕೋಣೆಗೆ ಕ್ಲೀನ್ ರೂಮ್ ಎಂದು ಹೆಸರು. ಅಲ್ಲಿ ಎಲ್ಲಕ್ಕಿಂತ ದೊಡ್ಡ ಕೊಳೆ ಎಂದರೆ ಮನುಷ್ಯ. ಅವನ ಕೂದಲು, ಉಸಿರು, ಬೆವರು ಎಲ್ಲವೂ ಅಪರಾಧ. ಪೌಡರು, ಸೆಂಟು, ಕಾಡಿಗೆ, ಹೂವು ಕೂಡದು. ಪ್ರೇಮಿಗಳು ಸಾವಿರಾರು ವರ್ಷ ಕಷ್ಟಪಟ್ಟು ಕಂಡುಹಿಡಿದ ಸಾಮಗ್ರಿಯನ್ನೆಲ್ಲ ಸಂಸ್ಥೆ ಬಾಗಿಲಲ್ಲೇ ತಡೆದಿತ್ತು. ತಲೆಯಿಂದ ಪಾದದವರೆಗೆ ಬಿಳಿ ಉಡುಪು ತೊಡಿಸಿ ಎಲ್ಲರನ್ನೂ ಒಂದೇ ಅಚ್ಚಿನ ಬೊಂಬೆ ಮಾಡಿತ್ತು. ಕಣ್ಣು ಮುಚ್ಚಿದರೆ ಕೆಲಸ ಆಗುವುದಿಲ್ಲವೆಂದು ಅದೊಂದನ್ನು ಬಿಟ್ಟಿತ್ತು.

ಆ ಕೋಣೆಯ ಧರ್ಮ ಒಂದೇ: ಕೈ ಒಬ್ಬರದು, ಕಣ್ಣು ಇನ್ನೊಬ್ಬರದು. ಜೋಡಿಸುವವನು ಕೆಲಸ ಮುಗಿಸಿ "ಮಾಡಿದೆ" ಅನ್ನಬೇಕು. ಕ್ವಾಲಿಟಿಯವಳು ಬಗ್ಗಿ, ಸ್ವಂತ ಕಣ್ಣಿನಿಂದ ಕಂಡು, "ನೋಡಿದೆ" ಅನ್ನಬೇಕು. ಆಮೇಲೆ ಮುಂದಿನ ಕೆಲಸ.

"ಮಾಡಿದೆ."

"ನೋಡಿದೆ."

ದಿನಕ್ಕೆ ಎಷ್ಟು ಸಲವೋ. ಬರುಬರುತ್ತಾ ಅವನ "ಮಾಡಿದೆ"ಯಲ್ಲಿ ಸ್ಕ್ರೂಗೆ ಸಂಬಂಧಪಡದ ಏನೋ ಸೇರತೊಡಗಿತು. ಅವಳ "ನೋಡಿದೆ" ಮಾತ್ರ ಮೊದಲಿನಷ್ಟೇ ಒಣಗಿತ್ತು. ಆದರೆ ಮುಖಗವಸಿನ ಮೇಲೆ ಕಣ್ಣಿನ ಕೊನೆ ಒಂದಿಷ್ಟು ಮಡಚಿಕೊಳ್ಳುತ್ತಿತ್ತು. ಅವಳು ಒಳಗೆ ನಗುತ್ತಿದ್ದಾಳೆ ಎಂದು ಆ ಕೋಣೆಯಲ್ಲಿ ಅವನೊಬ್ಬನಿಗೆ ತಿಳಿಯುತ್ತಿತ್ತು.

ಕ್ಲೀನ್ ರೂಮಿನಲ್ಲಿ 'ನೀವು', ಕ್ಯಾಂಟೀನಿನಲ್ಲಿ 'ನೀನು' ಎಂದು ಇಬ್ಬರೂ ಮಾತಾಡಿಕೊಳ್ಳದೆಯೇ ಒಪ್ಪಂದವಾಯಿತು.

"ನಿನ್ನನ್ನ ಮದುವೆ ಆದ್ರೆ ಮನೇಲೂ ಹೀಗೇನಾ?" ಎಂದು ಒಂದು ಮಧ್ಯಾಹ್ನ ಅವನು ಕೇಳಿದ. ಪ್ರಸ್ತಾಪ ಅಷ್ಟೇ. ಮೊಣಕಾಲೂರಲಿಲ್ಲ, ಕೈಯಲ್ಲಿ ಬನ್ ಇತ್ತು.

"ಹೇಗೆ?"

"ಪಾತ್ರೆ ತೊಳೆದೆ ಅಂದ್ರೆ ಬಗ್ಗಿ ನೋಡೋದು."

"ಪಾತ್ರೆ ನೀನು ತೊಳೀತೀಯಾ?"

"ಮಾಡಿದೆ ಅಂತೀನಿ."

"ಹಾಗಾದ್ರೆ ನೋಡ್ಲೇಬೇಕಾಗುತ್ತೆ," ಎಂದಳು. ಒಪ್ಪಿಗೆಯೂ ಅಷ್ಟೇ.

ಎರಡೂ ಮನೆಗಳಲ್ಲಿ ಮಾತು ಶುರುವಾಯಿತು. ಅಪ್ಪ ಅಮ್ಮ ಇಲ್ಲದ ಅವನನ್ನು ಸಾಕಿದ ಅಕ್ಕ ಹುಡುಗಿಯನ್ನು ನೋಡಿಹೋದಳು. "ಕಣ್ಣು ಚೂಪು. ನೀನು ದಾರಿಗೆ ಬರ್ತೀಯ," ಎಂದು ತಮ್ಮನಿಗೆ ಹೇಳಿದಳು. ಹುಡುಗಿಯ ಅತ್ತಿಗೆಗೆ ಮಾತ್ರ ಅನುಮಾನ. "ಇಷ್ಟು ದಿನ ಬರೀ ಕಣ್ಣು ನೋಡಿ ಪ್ರೀತಿಸಿದ್ರಾ? ನಿಮ್ಮಣ್ಣ ನನ್ನ ಪೂರ್ತಿ ನೋಡಿ ಮದುವೆಯಾದ್ರು, ಈಗ ಕಣ್ಣೆತ್ತಿಯೂ ನೋಡಲ್ಲ. ಒಟ್ಟು ಲೆಕ್ಕ ಒಂದೇ ಬಿಡು."

ಯಾವಾಗ ಎಂದು ಯಾರು ಕೇಳಿದರೂ ಇಬ್ಬರದ್ದೂ ಒಂದೇ ಉತ್ತರ: "ಲಾಂಚ್ ಆಗ್ಲಿ."

ನೌಕೆ ಹೋಗಬೇಕಿದ್ದುದು ಸೂರ್ಯನ ಸುತ್ತ ಒಂಟಿಯಾಗಿ ಅಲೆಯುವ ಒಂದು ಕಲ್ಲುಬಂಡೆಗೆ. ಆ ಬಂಡೆ ಕೈಗೆ ಸಿಗುವಷ್ಟು ಹತ್ತಿರ ಬರುವುದು ಅಪರೂಪ. ಈ ತಿಂಗಳು ತಪ್ಪಿದರೆ ಮತ್ತೆ ಒಂದೂವರೆ ವರ್ಷ ಕಾಯಬೇಕು. ನೌಕೆಗೆ ದಾರಿ ತೋರಿಸುವುದು ಅದರ ಮೈಮೇಲಿನ ಒಂದು ಪುಟ್ಟ ಕ್ಯಾಮೆರಾ. ಅದು ನಕ್ಷತ್ರಗಳನ್ನು ನೋಡಿ, ತಾನು ಎತ್ತ ಮುಖ ಮಾಡಿದ್ದೇನೆಂದು ತಿಳಿದುಕೊಳ್ಳುತ್ತದೆ. ಧೂಳು ಕೂರದಿರಲೆಂದು ಅದರ ಗಾಜಿಗೆ ಒಂದು ಕೆಂಪು ರಬ್ಬರ್ ಮುಚ್ಚಳ, ಬೇರೆ ಉಪಕರಣಗಳಿಗೆ ಇದ್ದಂಥದ್ದೇ. ಹೊರಡುವ ಮುನ್ನ ತೆಗೆದು, ಟ್ರೇಗೆ ಹಾಕಿ ಎಣಿಸಬೇಕು. ತೆಗೆಯದಿದ್ದರೆ ನೌಕೆ ಹುಟ್ಟುಕುರುಡು; ಇಷ್ಟು ಜನರ ಇಷ್ಟು ವರ್ಷದ ಕೆಲಸ ಕತ್ತಲಲ್ಲಿ ತಿರುಗುತ್ತಾ ಕಳೆದುಹೋಗುತ್ತದೆ.

ಅವರಿಬ್ಬರೂ ಮುಚ್ಚಳ ತೆಗೆಯಬೇಕಿದ್ದ ದಿನ ಇಡೀ ಕೋಣೆ ಹಗುರವಾಗಿತ್ತು. ಕೊನೆಯ ಕೆಲಸ. ಆ ಕ್ಯಾಮೆರಾ ಇದ್ದದ್ದು ಆಂಟೆನಾದ ಕಾಲುಗಳ ಹಿಂದಿನ ಇಕ್ಕಟ್ಟಿನಲ್ಲಿ. ಫೋಟೋ ತೆಗೆಯಲು ಬಾರದ ಜಾಗ. ಅವನು ತೋಳನ್ನು ಒಳಗೆ ತೂರಿಸಿದ. ಅವಳು ಎದುರಿಗೆ ಬಾಗಿ ನಿಂತಿದ್ದಳು. ಲೋಹದ ಕಾಲುಗಳ ಸಂದಿನಲ್ಲಿ ಅವನ ಕಣ್ಣು, ಈ ಕಡೆ ಅವಳ ಕಣ್ಣು. ಇನ್ನು ಮೇಲೆ ಈ ಬಿಳಿ ವೇಷ ಬೇಡ, ಮುಖಗವಸು ಬೇಡ, 'ನೀವು' ಬೇಡ ಎಂದು ಆ ಕಣ್ಣು ಹೇಳಿತು. ಅಥವಾ ಹಾಗೆ ಹೇಳಿತೆಂದು ಅವಳು ತಿಳಿದಳು. ಅವಳ ಕಣ್ಣಿನ ಕೊನೆ ಮಡಚಿಕೊಂಡಿತು.

"ಮಾಡಿದೆ," ಎಂದ.

"ನೋಡಿದೆ," ಎಂದಳು.

ಸಂಜೆಗೆ ನೌಕೆಯ ಮೇಲೆ ರಾಕೆಟ್ಟಿನ ದೊಡ್ಡ ಟೋಪಿ ಇಳಿಯಿತು. ಬೋಲ್ಟುಗಳನ್ನು ಬಿಗಿದಾಯಿತು.

ಅದಾದ ಮರುದಿನ ಬೆಳಿಗ್ಗೆ ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಳಗಿನಿಂದ ಅಮ್ಮನ ದನಿ.

"ಗ್ಯಾಸ್ ಆಫ್ ಮಾಡಿದ್ಯೇನೇ?"

"ಮಾಡಿದೆ ಅಮ್ಮ."

"ನೋಡಿದ್ಯಾ?"

ದಿನಾ ಕೇಳುವ ಮಾತು. ಇವಳ ಕೆಲಸಕ್ಕೆ ಮೂಲಗುರು ಅಮ್ಮನೇ ಎಂದು ಅತ್ತಿಗೆ ಹಾಸ್ಯ ಮಾಡುತ್ತಿದ್ದಳು. ಆದರೆ ಇವತ್ತು ಅವಳ ಒಂದು ಕಾಲು ಚಪ್ಪಲಿಯಲ್ಲಿ, ಇನ್ನೊಂದು ನೆಲದಲ್ಲಿ ಹಾಗೇ ನಿಂತುಬಿಟ್ಟಿತು. ನಿನ್ನೆಯ ಇಕ್ಕಟ್ಟು ಕಣ್ಣ ಮುಂದೆ ಬಂತು. ಲೋಹದ ಕಾಲು ಬಂತು. ಅವನ ರೆಪ್ಪೆ ಬಂತು, ರೆಪ್ಪೆಯ ಕೆಳಗಿದ್ದ ಸಣ್ಣ ಮಚ್ಚೆ ಕೂಡ ಬಂತು.

ಮುಚ್ಚಳ ಬರಲಿಲ್ಲ.

ಅವನು ಸಿಕ್ಕಿದ್ದು ಆಫೀಸಿನ ಕಾರಿಡಾರಿನಲ್ಲಿ.

"ನಾನು ನೋಡಿಲ್ಲ," ಎಂದಳು.

"ಏನನ್ನ?"

"ಮುಚ್ಚಳ ತೆಗೆದಿದ್ದನ್ನ. ನಿನ್ನ ನೋಡ್ತಿದ್ದೆ."

ಅವನು ನಕ್ಕ. ಬೇರೆ ದಿನವಾಗಿದ್ದರೆ ಅವಳ ಬಾಯಿಂದ ಈ ಮಾತು ಕೇಳಲು ಒಂದು ತಿಂಗಳ ಸಂಬಳ ಕೊಡುತ್ತಿದ್ದ. "ಅದಕ್ಕೇನೀಗ? ನಾನು ತೆಗೆದಿದ್ದೀನಿ. ಟ್ರೇನಲ್ಲಿ ಮುಚ್ಚಳಗಳ ಲೆಕ್ಕ ಸರಿಬಂತಲ್ಲ."

"ಹೋದ ವಾರ ಒಂದು ಹರಿದುಹೋಗಿ ಹೊಸದು ತರಿಸಿದ್ವಿ. ಆ ಹರಿದಿದ್ದು ಎಸೆದ್ರಾ, ಅದೇ ಟ್ರೇನಲ್ಲಿ ಬಿದ್ದಿತ್ತಾ? ಬಿದ್ದಿದ್ರೆ, ಒಂದು ತೆಗೆಯದೇ ಉಳಿದಿದ್ರೂ ಲೆಕ್ಕ ಸರಿ ಬರುತ್ತೆ. ಎಲ್ಲ ಕತ್ತರಿಸಿ ಕಸಕ್ಕೆ ಹಾಕಿಯಾಯ್ತು, ಈಗ ಹೇಳೋರಿಲ್ಲ."

"ನಾನು ಹೇಳ್ತಿದ್ದೀನಲ್ಲ. ತೆಗೆದಿದ್ದೀನಿ."

"ಬೆರಳಿಗೆ ಸಿಕ್ಕಿದ್ದು ನೆನಪಿದ್ಯಾ?"

ಒಂದೇ ಒಂದು ಕ್ಷಣ ಅವನ ಕಣ್ಣು ಕಾರಿಡಾರಿನ ಕಿಟಕಿಯ ಕಡೆ ಹೋಗಿ ಬಂತು. "ನೆನಪಿದೆ. ಏನೇ ಇದು? ಟೋಪಿ ಬಿಚ್ಚಿದ್ರೆ ಈ ತಿಂಗಳು ಕೈಬಿಟ್ಟ ಹಾಗೇ. ಯಜಮಾನರು ಇನ್ನಾರು ತಿಂಗಳಲ್ಲಿ ರಿಟೈರ್ ಆಗ್ತಾರೆ. ಇದನ್ನ ಕಳಿಸಬೇಕು ಅಂತ ಆ ಮನುಷ್ಯ ಹದಿನೈದು ವರ್ಷ ಕಾದಿದ್ದಾರೆ. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಇದೆ. ನೋಡಿಲ್ಲ."

ಈ ಎರಡು ವಾಕ್ಯಗಳ ನಡುವೆ ಒಂದು ಸಂಸಾರ ಹಿಡಿಸುವಷ್ಟು ಜಾಗವಿತ್ತು. ಅವನು ಅಲ್ಲಿ ನಿಲ್ಲಲಿಲ್ಲ.

ಯಜಮಾನರು ಎಂದರೆ ಯೋಜನೆಯ ಮುಖ್ಯಸ್ಥರು. ಮಾತು ಕಡಿಮೆ. ಮೀಟಿಂಗಿನಲ್ಲಿ ಉದ್ದನೆಯ ಮೇಜಿನ ಸುತ್ತ ಎಲ್ಲರೂ ಕೂತಿದ್ದರು. ಅವಳು ನಿಂತು ಹೇಳಿ ಮುಗಿಸಿದ ಮೇಲೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿದೆ ಅಂದ್ರಲ್ಲಮ್ಮ. ಆಗ ಏನು ನೋಡ್ತಿದ್ರಿ?"

ಅವಳ ಕಿವಿಯಿಂದ ಕುತ್ತಿಗೆಯವರೆಗೆ ಬಿಸಿ ಹರಿಯಿತು. ಮುಖಗವಸು ಎಷ್ಟು ದೊಡ್ಡ ಉಪಕಾರ ಮಾಡುತ್ತಿತ್ತೆಂದು ಆಗ ಗೊತ್ತಾಯಿತು.

"ಇವರನ್ನ, ಸರ್."

ಯಾರೂ ನಗಲಿಲ್ಲ. ನಗು ಆಮೇಲೆ ಕ್ಯಾಂಟೀನಿಗೆಂದು ಎಲ್ಲರೂ ಎತ್ತಿಟ್ಟುಕೊಂಡರು. ಅವನು ಮೇಜಿನ ಮರದ ಗೆರೆಗಳನ್ನು ನೋಡುತ್ತಿದ್ದ.

"ನೀವು?" ಎಂದರು ಯಜಮಾನರು ಅವನಿಗೆ. "ತೆಗೆದಿದ್ದು ಖಚಿತವಾಗಿ ನೆನಪಿದ್ಯಾ?"

ಅವಳು ಅವನ ಕಡೆ ತಿರುಗಿದಳು. ಹುಬ್ಬು ಏರಿಸಲಿಲ್ಲ, ಬೇಡುವ ಕಣ್ಣು. ನೆನಪಿಲ್ಲ ಅನ್ನು. ನಾನು ಒಬ್ಬಳೇ ಇಲ್ಲಿ ನಿಂತಿದ್ದೀನಿ, ನೀನೂ ಬಂದು ಪಕ್ಕದಲ್ಲಿ ನಿಲ್ಲು.

"ಖಚಿತವಾಗಿ ನೆನಪಿದೆ, ಸರ್," ಎಂದ. "ಅವರಿಗೆ ಸುಮ್ಮನೆ ಭಯ."

ಯಜಮಾನರು ಕನ್ನಡಕ ಹಾಕಿಕೊಂಡರು. ಕಿಟಕಿಯ ಆಚೆ ಸ್ವಲ್ಪ ಹೊತ್ತು ನೋಡಿದರು. ಹದಿನೈದು ವರ್ಷಕ್ಕೆ ಅಷ್ಟು ಹೊತ್ತು ಸಾಕಾಗುವುದಿಲ್ಲ.

"ಬಿಚ್ಚಿ," ಎಂದರು.

ಬಿಚ್ಚಲು ಹಿಡಿದ ದಿನಗಳಲ್ಲಿ ಬಂಡೆ ತನ್ನ ಪಾಡಿಗೆ ತಾನು ದೂರ ಹೋಯಿತು. ಟೋಪಿ ಮೇಲೆದ್ದಾಗ ಅವಳೇ ಟಾರ್ಚು, ಸಣ್ಣ ಕನ್ನಡಿ ಹಿಡಿದು ಇಕ್ಕಟ್ಟಿನೊಳಗೆ ಬಾಗಿದಳು. ಹಿಂದೆ ಬಿಳಿ ವೇಷಗಳು ಗುಂಪುಗೂಡಿ ನಿಂತಿದ್ದವು.

ಮುಚ್ಚಳ ಇರಲಿಲ್ಲ. ಕಪ್ಪು ಗಾಜು ಕಣ್ಣರಳಿಸಿ ನೋಡುತ್ತಿತ್ತು. ಅದರೊಳಗೆ ಪುಟ್ಟದಾಗಿ ಅವಳದೇ ಎರಡು ಕಣ್ಣು.

"ತೆಗೆದಿದೆ," ಎಂದಳು. ಆಮೇಲೆ ಅಭ್ಯಾಸಬಲದಿಂದ, "ನೋಡಿದೆ."

ಸಂಸ್ಥೆ ಅವಳನ್ನು ಹೊಗಳಿತು. ತಪ್ಪನ್ನು ತಾನಾಗಿ ಹೇಳಿದವರನ್ನು ಹೊಗಳುವುದು ಅಲ್ಲಿಯ ನಿಯಮ. ಹೊಗಳಿದ ಮೇಲೆ ಯಾರೂ ಅವರ ಪಕ್ಕ ಕೂತು ಊಟ ಮಾಡದಿರುವುದು ಅಲ್ಲಿಯ ರೂಢಿ. ಎತ್ತಿಟ್ಟುಕೊಂಡಿದ್ದ ನಗುವನ್ನೆಲ್ಲ ಜನ ಕ್ಯಾಂಟೀನಿನಲ್ಲಿ ಖರ್ಚು ಮಾಡಿದರು. "ಪ್ರೀತಿ ಕುರುಡು ಅಂತ ಕೇಳಿದ್ವಿ. ನೌಕೇನೂ ಕುರುಡು ಅಂತ ಅನುಮಾನ ಪಡ್ಬೇಕಿತ್ತಾ?" ಎಂದ ಒಬ್ಬ ಬ್ಯಾಟರಿ ಇಂಜಿನಿಯರ್. ನೌಕೆಯನ್ನು ಪೆಟ್ಟಿಗೆಗೆ ಹಾಕಿ ಗೋದಾಮಿಗೆ ಕಳಿಸಿದರು. ಯಜಮಾನರು ರಿಟೈರಾದರು. ಹೋಗುವ ದಿನ ಅವಳ ಮೇಜಿನ ಹತ್ತಿರ ನಿಂತು, "ನೀವು ಸರಿ ಮಾಡಿದ್ರಿ," ಎಂದರು. ಅದಕ್ಕಿಂತ ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಅವನ ಅಕ್ಕ ಫೋನ್ ಮಾಡಿ ಒಂದೇ ಮಾತು ಹೇಳಿದಳು: "ನನ್ನ ತಮ್ಮನ ಬಾಯಿಮಾತು ನಂಬದವಳು ಅವನ ಜೊತೆ ಬಾಳ್ವೆ ಹೇಗಮ್ಮ ಮಾಡ್ತೀಯ?"

ಅವನು ಸರಿಯಾಗಿದ್ದ, ಅವಳು ತಪ್ಪು. ಇಡೀ ಕೋಣೆ ಕಂಡ ಸತ್ಯ ಅದು. ತಪ್ಪು ಒಪ್ಪಿಕೊಂಡು ಅವನ ಕಾಲು ಹಿಡಿಯಬೇಕೇ ಎಂದು ಒಂದೆರಡು ಬಾರಿ ಯೋಚಿಸಿಯೂ ಇದ್ದಳು. ಹೋಗಿ ಕ್ಷಮೆ ಕೇಳಲೆಂದೇ ಅವಳು ಆ ಮಧ್ಯಾಹ್ನ ಕ್ಯಾಂಟೀನಿಗೆ ಬಂದದ್ದು. ಅವನಿಗೆ ದೂರದ ಇಂಜಿನ್ ಪರೀಕ್ಷಾ ಕೇಂದ್ರಕ್ಕೆ ವರ್ಗವಾಗಿತ್ತು. ಅವತ್ತು ಕೊನೆಯ ದಿನ.

ಎದುರು ಕೂತಳು. ಇಬ್ಬರಿಗೂ ಚಹಾ ಬಂತು.

"ನಾನು ನಿನ್ನ ನಂಬ್ಬೇಕಿತ್ತು," ಎಂದಳು. "ಎಲ್ಲರೆದುರು ನಿನ್ನ ಹಾಗೆ..."

"ಬೇಡ," ಎಂದ ಅವನು. ಕಪ್ಪನ್ನು ಒಂದು ಸುತ್ತು ತಿರುಗಿಸಿದ. "ನನಗೂ ನೆನಪಿರಲಿಲ್ಲ."

"ಏನು?"

"ಮುಚ್ಚಳ. ಕೈ ಒಳಗೆ ಹಾಕಿದ್ದು ನೆನಪಿದೆ. ಆಮೇಲೆ ನಿನ್ನ ಕಣ್ಣು. ಅಷ್ಟೇ. ಕೈ ಏನು ಮಾಡ್ತೋ ದೇವರಾಣೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ." ತಲೆಯೆತ್ತಿದ. "ನನ್ನ ಜೀವನದಲ್ಲಿ ಯಾರನ್ನೂ ಹಾಗೆ ನೋಡಿಲ್ಲ. ಇದನ್ನ ಹೇಳದೇ ಹೋಗೋಕಾಗಲ್ಲ ಅನ್ನಿಸ್ತು."

ಅವಳು ಕೇಳಿದ ಮಾತುಗಳಲ್ಲೆಲ್ಲ ಅದೇ ಚೆಂದದ ಮಾತು. ಒಂದು ಗಳಿಗೆ ಅವಳ ಮೈ ಅದನ್ನು ಹಾಗೆಯೇ ಸ್ವೀಕರಿಸಿತು; ಅಂಗೈ ಬೆಚ್ಚಗಾಯಿತು. ಆಮೇಲೆ ಆ ಉದ್ದನೆಯ ಮೇಜು, ಅದರ ಮರದ ಗೆರೆಗಳು ನೆನಪಾದವು.

"ಖಚಿತವಾಗಿ ನೆನಪಿದೆ ಅಂದ್ರಿ," ಎಂದಳು.

'ಅಂದ್ರಿ' ಎಂಬುದನ್ನು ಅವನು ಕೇಳಿಸಿಕೊಂಡ.

"ಹೆದರಿದೆ ಕಣೇ. ಹೇಗೂ ತೆಗೆದೇ ಇತ್ತಲ್ಲ."

"ಇತ್ತು. ಇಲ್ಲದೇನೂ ಇರಬಹುದಿತ್ತು. ನೌಕೆ ಕುರುಡಾಗಿ ಹೋದ್ರೂ ಹೋಗ್ಲಿ ಅಂತ ಬಿಟ್ರಿ. ನನ್ನನ್ನೂ ಅಲ್ಲಿ ಒಬ್ಬಳನ್ನೇ ಬಿಟ್ರಿ."

"ಈಗ ಹೇಳಿದ್ನಲ್ಲ."

"ಇದೇ ಮಾತನ್ನ ಆ ಮೇಜಿನ ಹತ್ತಿರ ಹೇಳಿದ್ದಿದ್ರೆ, ಲಾಂಚಿಗೆ ಕಾಯ್ತಾ ಇರಲಿಲ್ಲ. ಅವತ್ತೇ ಮದುವೆ ಆಗ್ತಿದ್ದೆ."

ಅವನು ಚಹಾದ ಕಪ್ಪನ್ನು ತುಟಿಗೆತ್ತಿದ. ಮೂಗಿನಿಂದ ಕೆಳಗೆಲ್ಲ ಮರೆಯಾಯಿತು. ಉಳಿದ ಎರಡು ಕಣ್ಣು ಮೊದಲಿನಂತೆಯೇ ಇದ್ದವು, ರೆಪ್ಪೆಯ ಕೆಳಗಿನ ಮಚ್ಚೆಯೂ ಅಲ್ಲೇ ಇತ್ತು. ಅವಳು ಆ ಕಣ್ಣುಗಳನ್ನು ಪೂರ್ತಿ ನೋಡಿದಳು, ಬಾಕಿ ಉಳಿಯದ ಹಾಗೆ.

"ಈಗ?" ಎಂದ, ಕಪ್ಪು ಇಳಿಸಿ.

"ಈಗ ನೀವು ಗ್ಯಾಸ್ ಆಫ್ ಮಾಡಿದೆ ಅಂದಾಗಲೆಲ್ಲ," ಎಂದಳು ಅವಳು, "ನಾನು ಹಾಸಿಗೆಯಿಂದ ಎದ್ದು ಹೋಗಿ ನೋಡ್ಬೇಕಾಗುತ್ತೆ."