ಹನ್ನೊಂದು ಕೈಗಳ ಅಳತೆ

ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಅವಳು ಶೆಡ್ಡಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಆರು ಲೇತ್ ಮಷೀನುಗಳು ಒಟ್ಟಿಗೇ ಗುಂಯ್‌ಗುಡುತ್ತಿದ್ದವು. ಬಾಗಿಲ ಪಕ್ಕದ ಮಷೀನಿನವನು ತಲೆಯೆತ್ತಿ ನೋಡಿ, ಮೊಳೆಗೆ ನೇತುಹಾಕಿದ್ದ ಏಪ್ರನ್ನನ್ನು ತೆಗೆದು ಅವಳ ಕೈಗಿತ್ತ.

"ಹೊಸಬರಾ? ಮೊದಲು ಕೂದಲು ಗಂಟು ಹಾಕ್ಕೊಳ್ಳಿ. ಈ ಮಷೀನುಗಳಿಗೆ ಜಡೆ ಕಂಡ್ರೆ ತುಂಬ ಪ್ರೀತಿ."

"ನಾನು ಕಲಿಯೋಕೆ ಬಂದಿಲ್ಲ. ಜಗಳ ಆಡೋಕೆ ಬಂದಿದ್ದೀನಿ," ಎಂದಳು ಅವಳು. ಆದರೂ ಕೂದಲನ್ನು ಗಂಟು ಹಾಕಿಕೊಂಡಳು.

ಅವನು ಮಷೀನು ನಿಲ್ಲಿಸಿದ. ಇಂಥ ಜಗಳಕ್ಕೆ ಪೂರ್ತಿ ಗಮನ ಕೊಡಬೇಕು ಅನ್ನಿಸಿತ್ತು.

ವಾರವೆಲ್ಲ ಅವನು ಲಿಫ್ಟ್ ಮೆಕ್ಯಾನಿಕ್. ಶನಿವಾರ ಮಾತ್ರ ಈ ಶೆಡ್ಡಿನವನು. ಮೊದಮೊದಲು ಬರೀ ಬುಗುರಿ ಕಡೆಯುತ್ತಿದ್ದುದರಿಂದ ಇಲ್ಲಿ ಅವನ ಹೆಸರೇ ಬುಗುರಿ ಎಂದಾಗಿತ್ತು. ನಿವೃತ್ತ ಮೇಷ್ಟ್ರೊಬ್ಬರು ಕಟ್ಟಿದ ಗುಂಪು ಅದು. ಮರವನ್ನು ಲೇತಿನಲ್ಲಿ ಕಡೆದು ಪೆನ್ನು, ಡಬ್ಬಿ, ಶೇವಿಂಗ್ ಬ್ರಷ್ಷಿನ ಹಿಡಿ ಮಾಡಿ ಸೈನಿಕರಿಗೆ ಉಡುಗೊರೆಯಾಗಿ ಕಳಿಸುತ್ತಿದ್ದರು.

ಅವಳು ಮಿಲಿಟರಿ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್. ತಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಅವನೇ ಮಾಡಿದ ಪೆನ್ನುಗಳು.

"ನೋಡೋಕೆ ತುಂಬ ಚೆನ್ನಾಗಿವೆ. ಆದ್ರೆ ನನ್ನ ವಾರ್ಡಿನವರಿಗೆ ಇವು ಉಪಯೋಗಕ್ಕೆ ಬರಲ್ಲ."

"ಯಾಕೆ? ಬರೆಯಲ್ವಾ?"

"ಕೈ ಕೊಡಿ, ತೋರಿಸ್ತೀನಿ."

"ನಾನು ಇದುವರೆಗೆ ಯಾರಿಗೂ ಕೈ ಕೊಟ್ಟವನಲ್ಲ ಮೇಡಂ."

ಮೂಲೆಯ ಮಷೀನಿನಿಂದ ಮೇಷ್ಟ್ರು ಕೆಮ್ಮಿದರು. ಅವಳು ನಗಲಿಲ್ಲ. ಆದರೆ ತುಟಿಯ ಒಂದು ತುದಿ ಮಾತು ಕೇಳದೆ ಮೇಲೆ ಹೋಗಿದ್ದನ್ನು ಅವನು ಕಂಡ.

ಅವಳು ಅವನ ಬಲಗೈ ಹಿಡಿದು, ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳುಗಳನ್ನು ಅಂಗೈಗೆ ಮಡಚಿ ಟೇಪು ಸುತ್ತಿದಳು. ಸುತ್ತುವಾಗ ಅವಳ ಉಗುರು ಅವನ ಮಣಿಕಟ್ಟಿಗೆ ತಾಗಿತು. ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಈಗ ನಿಮ್ಮ ಹೆಸರು ಬರೀರಿ."

ಪೆನ್ನು ಎರಡು ಸಲ ಜಾರಿತು. ಮೂರನೇ ಸಲ ಬೆಂಚಿನಿಂದ ಉರುಳಿ ಮರದ ಸುರುಳಿಗಳ ರಾಶಿಯಲ್ಲಿ ಬಿತ್ತು. ಅವನು ಬಗ್ಗಿ ಎಡಗೈಯಿಂದ ಅದನ್ನು ಹೆಕ್ಕಿಕೊಂಡ.

"ಎಷ್ಟು ಜನ ಇದ್ದಾರೆ ಇಂಥವರು?"

"ಹನ್ನೊಂದು. ಒಬ್ಬೊಬ್ಬರದು ಒಂದೊಂದು ಥರ."

"ಹಾಗಾದ್ರೆ ಅಳತೆ ತೊಗೋಬೇಕು. ಅಂಗಿ ಹೊಲಿಯೋರ ಹಾಗೆ. ಯಾವತ್ತು ಬರ್ಲಿ?"

ಜಗಳಕ್ಕೆಂದು ಸಿದ್ಧ ಮಾಡಿಕೊಂಡು ಬಂದಿದ್ದ ಮಾತೆಲ್ಲ ಮಿಕ್ಕಿತು ಅವಳಿಗೆ. "ಬುಧವಾರ," ಎಂದಳು.

ಬುಧವಾರ ಸಂಜೆ ವಾರ್ಡಿನಲ್ಲಿ ಮೊದಲು ಕೈ ಚಾಚಿದವನು ಎಲ್ಲರೂ ಪೈಲ್ವಾನ ಎನ್ನುತ್ತಿದ್ದ ದೊಡ್ಡ ದೇಹದ ಸೈನಿಕ. ಬಲಗೈಯಲ್ಲಿ ಉಳಿದಿದ್ದು ಕೊನೆಯ ಎರಡು ಬೆರಳು.

"ಮಗಳಿಗೆ ಏಳು ವರ್ಷ. ವಾರ ವಾರ ಕಾಗದ ಹಾಕ್ತಿದ್ದೆ," ಎಂದ ಪೈಲ್ವಾನ. "ಈಗ ಇಲ್ಲಿನ ಸಿಸ್ಟರ್ ಬರ್ಕೊಡ್ತಾರೆ. ಅಪ್ಪಾ, ನಿನ್ನ ಅಕ್ಷರ ಯಾಕೆ ಬೇರೆ ಆಯ್ತು ಅಂತ ಫೋನಲ್ಲಿ ಕೇಳ್ತಾಳೆ. ಕೈ ವಿಷಯ ಇನ್ನೂ ಹೇಳಿಲ್ಲ."

ಬುಗುರಿ ಆ ಅಂಗೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ನೂಲಿನಿಂದ ಅಳೆದ. ಗಾಯದ ಗುರುತನ್ನು ಕಂಡು ಕಣ್ಣು ತಿರುಗಿಸಲಿಲ್ಲ, ಅಯ್ಯೋ ಎನ್ನಲಿಲ್ಲ. ಅಳತೆಪುಸ್ತಕ ಹಿಡಿದು ನಿಂತಿದ್ದ ಅವಳು ಅಂಕಿ ಬರೆಯುವುದನ್ನು ಬಿಟ್ಟು ಅವನನ್ನೇ ನೋಡುತ್ತಿದ್ದಳು.

"ಬರ್ಕೊಂಡ್ರಾ?"

"ಇನ್ನೊಂದ್ಸಲ ಹೇಳಿ."

ಅಲ್ಲಿಂದ ಐದು ಶನಿವಾರ ಅವಳು ತಪ್ಪದೆ ಬಂದಳು. ಅವನು ಮಾಡಿದ ಮೊದಲನೆಯ ಪೆನ್ನು ತೀರ ಭಾರವಾಯಿತು. ಎರಡನೆಯದು ಬೆವರಿಗೆ ಜಾರಿತು. ಮೂರನೆಯದನ್ನು ಅವಳು ತನ್ನ ಕೈಗೇ ಟೇಪು ಸುತ್ತಿಕೊಂಡು ಪರೀಕ್ಷೆ ಮಾಡಿ, ಹಿಡಿತ ಸಿಗುವುದಿಲ್ಲವೆಂದು ಹಿಂದಕ್ಕೆ ಕೊಟ್ಟಳು. ನಾಲ್ಕನೆಯದೂ ಹಾಗೇ ಹಿಂದೆ ಬಂತು. ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತು, ಉಪ್ಪುಕಾಗದದಿಂದ ಮರ ತಿಕ್ಕುತ್ತ, ನಡುನಡುವೆ ಅದನ್ನು ಮೂಗಿಗೆ ಹಿಡಿದು ವಾಸನೆ ನೋಡುವ ಅಭ್ಯಾಸ ಅವಳಿಗೆ ಬಂದಿತ್ತು.

"ಏನು, ನನ್ನ ಮುಖದಲ್ಲೇನಾದ್ರೂ ಇದೆಯಾ?" ಎಂದಳು ಒಂದು ದಿನ, ಅವನು ತನ್ನನ್ನೇ ನೋಡುತ್ತಿರುವುದನ್ನು ಕಂಡು.

"ಹುಬ್ಬಿನ ಮೇಲೆ ಮರದ ಪುಡಿ."

"ಯಾವಾಗಿಂದ?"

"ಅರ್ಧ ಗಂಟೆ ಆಯ್ತು."

"ಹೇಳೋಕೇನು?"

"ಚೆನ್ನಾಗಿ ಕಾಣ್ತಿತ್ತು. ಯಾಕೆ ಕೆಡಿಸ್ಲಿ ಅಂತ."

ಅವಳು ಪುಡಿ ಒರೆಸಿಕೊಳ್ಳಲಿಲ್ಲ. ತಲೆ ತಗ್ಗಿಸಿ ಇನ್ನಷ್ಟು ಜೋರಾಗಿ ಮರ ತಿಕ್ಕಿದಳು. "ಮೇಡಂ, ಅದು ಸವೆದು ಕಡ್ಡಿ ಆಗೋಗುತ್ತೆ," ಎಂದರು ಮೇಷ್ಟ್ರು.

ಐದನೆಯದು ಮೊಟ್ಟೆಯ ಗಾತ್ರದ ಹಿಡಿ. ಅಂಗೈ ಗುಳಿಯಲ್ಲಿ ಕೂರುವಂತೆ ಬೆನ್ನು, ಎರಡು ಬೆರಳು ಅಪ್ಪಿ ಹಿಡಿಯುವಂತೆ ಎರಡು ಕಚ್ಚು, ಕೆಳಗೆ ಓರೆಯಾಗಿ ಇಳಿದ ನಿಬ್ಬು. ವಾರ್ಡಿನಲ್ಲಿ ಪೈಲ್ವಾನ ಅದನ್ನು ಹಿಡಿದು ಮುಕ್ಕಾಲು ಗಂಟೆ ಬರೆದ. ಬೆವರು ಹಾಳೆಯ ಮೇಲೆ ಹನಿಯಿತು. ಕೊನೆಗೆ ಹಾಳೆಯನ್ನು ಅವಳತ್ತ ತಳ್ಳಿ, "ಓದೋಕಾಗುತ್ತಾ ನೋಡಿ ಮೇಡಂ," ಎಂದ.

ಅವಳು ಗಟ್ಟಿಯಾಗಿ ಓದಿದಳು. "ಪುಟ್ಟಿ, ಇದು ಅಪ್ಪನ ಹೊಸ ಅಕ್ಷರ. ನೀನು ಒಂದನೇ ಕ್ಲಾಸಲ್ಲಿ ಬರೀತಿದ್ದ ಹಾಗಿದೆ, ನಗಬೇಡ. ಯಾಕೆ ಹೀಗಾಯ್ತು ಅಂತ ಮುಂದಿನ ಕಾಗದದಲ್ಲಿ ನಾನೇ ಹೇಳ್ತೀನಿ."

ಕೊನೆಯ ಸಾಲಿಗೆ ಅವಳ ದನಿ ಸಣ್ಣದಾಯಿತು. ಕಾಗದವನ್ನು ಮಡಚಿ ಪೈಲ್ವಾನನಿಗೆ ಕೊಟ್ಟು ಹೊರಗೆ ನಡೆದಳು. ಕಾರಿಡಾರಿನ ಕಿಟಕಿಯ ಹತ್ತಿರ ಬುಗುರಿ ಅವಳ ಪಕ್ಕಕ್ಕೆ ಬಂದು ನಿಂತ.

"ನನಗೆ ವರ್ಗ ಆಗಿದೆ," ಎಂದಳು. "ಗಡಿ ಹತ್ತಿರದ ಹೊಸ ಆಸ್ಪತ್ರೆಗೆ. ಕೈ ಪೆಟ್ಟಾದವರಿಗೆ ಅಂತಲೇ ಒಂದು ವಿಭಾಗ ಶುರು ಮಾಡ್ಬೇಕು. ನಾನೇ ಕೇಳ್ಕೊಂಡಿದ್ದು, ನಿಮ್ಮ ಶೆಡ್ಡಿಗೆ ಬರೋಕೆ ಮುಂಚೆ."

"ಯಾವಾಗ ಹೊರಡ್ತೀರಿ?"

"ಒಂದನೇ ತಾರೀಕು."

ಇನ್ನು ಒಂಬತ್ತು ದಿನ. ಆದರೆ ಹೇಳಬೇಕಾದ್ದು ಏನೆಂಬ ಬಗ್ಗೆ ಅವನಿಗೆ ಅನುಮಾನವಿರಲಿಲ್ಲ.

"ಹೋಗಿ ಬನ್ನಿ."

"ಅಷ್ಟೇನಾ?"

"ಬೇಡ ಅಂದ್ರೆ ನಿಲ್ತೀರಾ?"

"ಇಲ್ಲ."

"ಅದಕ್ಕೇ ಅಲ್ವಾ ನೀವು ಅಂದ್ರೆ ನನಗಿಷ್ಟ. ಮೊದಲ ದಿನದಿಂದಾನೂ."

ಅವಳು ತಿರುಗಿ ಅವನ ಮುಖ ನೋಡಿದಳು. ರೆಪ್ಪೆ ಇನ್ನೂ ಒದ್ದೆಯಿತ್ತು, ಕಣ್ಣು ಮಾತ್ರ ನಗುತ್ತಿತ್ತು.

"ಅಲ್ಲಿ ಮೂರು ಮಹಡಿ, ಎರಡು ಲಿಫ್ಟು," ಎಂದಳು. "ವಾರಕ್ಕೊಂದ್ಸಲ ಕೆಟ್ಟು ನಿಲ್ತಾವಂತೆ. ಮೆಕ್ಯಾನಿಕ್ ಸಿಗದೆ ಒದ್ದಾಡ್ತಿದ್ದಾರೆ."

"ವಿಚಾರಿಸಿದ್ರಾ?"

"ಹೋದ ವಾರಾನೇ. ನೀವಾಗಿ ಬಾಯಿ ಬಿಡೋ ಲಕ್ಷಣ ಕಾಣ್ಲಿಲ್ಲ." ಅವಳು ಕಿಟಕಿಯ ಕಟ್ಟೆಗೆ ಒರಗಿದಳು. "ಬರ್ತೀಯಾ?"

ಬಹುವಚನ ಬಿದ್ದುಹೋದ ಆ ಒಂದು ಪದ ಅವನ ಕಿವಿಯವರೆಗೂ ಬಿಸಿ ತಂದಿತು.

"ಬರ್ತೀನಿ. ಆದ್ರೆ ಇನ್ನೂ ಹತ್ತು ಕೈ ಬಾಕಿ ಇವೆ. ಮುಗಿಸದೆ ಬಂದ್ರೆ ನೀನೇ ಒಳಗೆ ಬಿಟ್ಕೊಳ್ಳಲ್ಲ."

"ಬಿಟ್ಕೊಳ್ಳಲ್ಲ," ಎಂದಳು ಅವಳು. ಕಿಟಕಿಯ ಕಟ್ಟೆಯ ಮೇಲಿದ್ದ ಅವನ ಕೈಯನ್ನು ಹಿಡಿದಳು. ಈ ಸಲ ಟೇಪು ಬೇಕಾಗಲಿಲ್ಲ.

ಹತ್ತು ಪೆನ್ನು ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಪ್ರತಿಯೊಂದು ಮುಗಿದಾಗಲೂ ಅವನು ಫೋನು ಮಾಡಿ, "ಇನ್ನು ಒಂಬತ್ತು," "ಇನ್ನು ಎಂಟು," ಎನ್ನುತ್ತಿದ್ದ. ಮೇಷ್ಟ್ರು ತಮ್ಮ ಸಣ್ಣ ಲೇತನ್ನು ಬಿಚ್ಚಿ, ಗೋಣಿ ಸುತ್ತಿ, ಮರದ ಪೆಟ್ಟಿಗೆಗೆ ಹಾಕಿಕೊಟ್ಟರು. ಅವನನ್ನು ಸಾಕಿದ ಅಕ್ಕ, "ಹೆಣ್ಣಿನ ಮನೆಗೆ ಗಂಡು ಕಳಿಸ್ತಿರೋದು ನಮ್ಮ ವಂಶದಲ್ಲೇ ಮೊದಲು," ಎಂದು ಭಾವನ ಮುಂದೆ ಗೊಣಗುತ್ತಲೇ ಅವನ ಅಂಗಿಗಳಿಗೆಲ್ಲ ಇಸ್ತ್ರಿ ಹಾಕಿದಳು. ಅಲ್ಲೇ ಮದುವೆ ರಿಜಿಸ್ಟರ್ ಮಾಡಿಸುವುದೆಂದು ಫೋನಿನಲ್ಲಿ ಮಾತಾಗಿತ್ತು, ಆ ಹೊತ್ತಿಗೆ ಅಕ್ಕ ಭಾವ ಇಬ್ಬರೂ ಬರುವುದೆಂದು ನಿಶ್ಚಯವಾಯಿತು.

ಗಡಿಯ ಆ ಊರಿನಲ್ಲಿ ರೈಲು ಬಂದು ನಿಂತಾಗ ನಡುಮಧ್ಯಾಹ್ನ. ಹಮಾಲಿ ಪೆಟ್ಟಿಗೆಯ ಒಂದು ತುದಿ ಎತ್ತಿ ನೋಡಿ ಹಾಗೇ ಕೆಳಗಿಟ್ಟ.

"ಏನಣ್ಣ ಇದರೊಳಗೆ, ಇಷ್ಟು ಭಾರ?"

"ಸಂಸಾರ," ಎಂದ ಅವನು.

ಹಿಂದಿನಿಂದ ನಗು ಕೇಳಿಸಿತು. ತಿರುಗಿದರೆ ಅವಳು, ಆಸ್ಪತ್ರೆಯ ಬಿಳಿ ಕೋಟಿನಲ್ಲೇ, ಏದುಸಿರು ಬಿಡುತ್ತ ನಿಂತಿದ್ದಳು. ಆಮೇಲೆ ಅವಳು ಕೋಟಿನ ತೋಳು ಮಡಚಿ, ಬಗ್ಗಿ, ಪೆಟ್ಟಿಗೆಯ ಇನ್ನೊಂದು ತುದಿಗೆ ಕೈ ಹಾಕಿದಳು.

"ಬಿಡು, ನಿನ್ನ ಕೈಲಿ ಆಗಲ್ಲ. ತುಂಬ ಭಾರ ಇದೆ."

"ಗೊತ್ತು," ಎಂದಳು ಅವಳು. "ಎತ್ತು."