ಚಾಚಿ ಇಲ್ಲದ ಯಮುನೆಯ ದಂಡೆ

“ಕ್ಯಾಮೆರಾ ಬಂದ್ ಕೀಜಿಯೇ, ಮೇಡಂ!”

ಧಾರಿಣಿ ಬೆಚ್ಚಿ, ಫೋಟೊ ತೆಗೆಯುತ್ತಿದ್ದ ಕ್ಯಾಮೆರಾ ಇಳಿಸಿ ತಿರುಗಿದಳು. ಯಮುನೆಯ ದಂಡೆಯ ಮೂಲಂಗಿ ಹೊಲದ ನಡುವೆ ನಿಂತಿದ್ದ ಯುವಕನೊಬ್ಬ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ.

“ಏನು ಮನುಷ್ಯನಪ್ಪಾ ಇವನು...” ಎಂದು ಗೊಣಗಿದಳು.

“ಮನುಷ್ಯನೇ. ವಕೀಲ ಕೂಡ!”

ಕನ್ನಡ! ಧಾರಿಣಿಯ ಮುಖ ಕೆಂಪಾಯಿತು. ಅವನಿಗೆ ನಗು ತಡೆಯಲಾಗಲಿಲ್ಲ.

ಅವನು ಅನೂಪ್. ಕೇಂದ್ರ ಸರ್ಕಾರದ ಕನ್ನಡಿಗ ಗುಮಾಸ್ತರೊಬ್ಬರ ಮಗ, ದೆಹಲಿಯ ಪೀತಂಪುರಾದಲ್ಲೇ ಬೆಳೆದವನು. ದಂಡೆಯ ಗುಡಿಸಲುಗಳನ್ನು ಕೆಡವದಂತೆ ಕೋರ್ಟಿನಲ್ಲಿ ಹೋರಾಡುತ್ತಿದ್ದ. ಧಾರಿಣಿ ಮೈಸೂರಿನಿಂದ ಬಂದ ಮಾನವ ಭೂಗೋಳ ಸಂಶೋಧಕಿ. ಢಾಕಾ, ಜಕಾರ್ತ, ಈಗ ದೆಹಲಿ... ಏಷ್ಯಾದ ನಗರಗಳು ಹಸಿರಾಗಲು ಹೊರಟಾಗ ಬಡವರು ಎಲ್ಲಿಗೆ ಹೋಗುತ್ತಾರೆ? ಅದೇ ಅವಳ ಅಧ್ಯಯನ.

ಮೂಲಂಗಿ ಬೆಳೆಯುತ್ತಿದ್ದ, ದಂಡೆಯವರಿಗೆಲ್ಲ ಚಿಕ್ಕಮ್ಮನಂತಿದ್ದ ಶಾಂತಿ ಚಾಚಿಯ ಗುಡಿಸಲಿನಲ್ಲಿ ಇಬ್ಬರಿಗೂ ಬಿಸಿ ರೊಟ್ಟಿ ಸಿಗುತ್ತಿತ್ತು. ರೊಟ್ಟಿ ತಿನ್ನುತ್ತಲೇ ಅವರ ನಡುವೆ ‘ನೀವು’ ಹೋಗಿ ‘ನೀನು’ ಬಂದಿತ್ತು.

“ಶಾದಿ ಕಬ್?” ಮದುವೆ ಯಾವಾಗ ಅಂತ ಚಾಚಿ ಒಂದು ದಿನ ಕೇಳಿಯೇಬಿಟ್ಟಳು.

ಅನೂಪ್ ಧಾರಿಣಿಯ ಕಡೆ ನೋಡಿದ. “ನೀನೇ ಉತ್ತರ ಹೇಳು.”

‘ಹೂಂ ಅಂದುಬಿಡಲಾ?’ ಎಂದು ಅವಳಿಗೆ ಅನಿಸಿತು. ಆದರೆ ನಾಚಿ ತಲೆ ತಗ್ಗಿಸಿದಳು...

ಅನೂಪ್ ಕೇಸ್ ಸೋತ. ಜನವರಿಯ ಚಳಿಯಲ್ಲಿ ಬುಲ್ಡೋಜರ್‌ಗಳು ಬಂದವು.

ದಂಡೆಯವರನ್ನೆಲ್ಲ ಊರಾಚೆಯ ಬಯಲಿಗೆ ಸಾಗಿಸಿದರು. ಪ್ಲಾಸ್ಟಿಕ್ ಹಾಳೆಯ ಕೆಳಗೆ ಮಲಗಿದ ಚಾಚಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆ ತಲುಪುವ ಮೊದಲೇ ಉಸಿರು ನಿಂತಿತು.

ಚಿತೆಯ ಮುಂದೆ ಅನೂಪ್ ಧಾರಿಣಿಯ ಕಡೆ ತಿರುಗಿದ.

“ಕೋರ್ಟಿನಲ್ಲಿ ಸರ್ಕಾರದವರು ತೋರಿಸಿದ್ದು ನಿಮ್ಮ ವರದಿಯ ಪುಟ. ಇಲ್ಲಿ ಪ್ರವಾಹದ ಅಪಾಯ ಇದೆ ಅಂತ ಬರೆದಿದ್ದು ನೀವೇ ತಾನೇ?”

“ಅನೂಪ್, ನಾನು ಬರೆದಿದ್ದು ಅಷ್ಟೇ ಅಲ್ಲ...”

“ಸಾಕು! ನಿಮ್ಮ ಹಸಿರು ನಗರದಲ್ಲಿ ಚಾಚಿಗೆ ಜಾಗ ಇರಲಿಲ್ಲ, ಅಲ್ವಾ?”

‘ನೀನು’ ಎನ್ನುತ್ತಿದ್ದವನು ‘ನೀವು’ ಅಂದಿದ್ದ. ಹೊಗೆಯ ನಡುವೆ ಅವನು ನಡೆದುಹೋದ. ಚಿತೆ ಆರುವವರೆಗೂ ಧಾರಿಣಿ ಅಲ್ಲೇ ಇದ್ದಳು. ಆಮೇಲೆ ಅವಳು ಮಾಡಿದ ಫೋನ್‌ಗಳನ್ನೂ ಅವನು ಎತ್ತಲಿಲ್ಲ.

ಮಾರ್ಚ್‌ನಲ್ಲಿ, ದಂಡೆಯ ಮೇಲೆ ಉದ್ಯಾನ ಮಾಡುವ ಯೋಜನೆಗೆ ಸಾರ್ವಜನಿಕ ಸಭೆ ಕರೆದರು. ಅಧಿಕಾರಿ ಅವಳ ಅಧ್ಯಯನವನ್ನು ಹೊಗಳಿ ವೇದಿಕೆಗೆ ಕರೆದರು. ‘ಎರಡು ಒಳ್ಳೆ ಮಾತಾಡಿ ಇಳಿದುಬಿಡಿ’ ಎಂದು ಅವಳು ಕೆಲಸ ಮಾಡುತ್ತಿದ್ದ ಸಂಶೋಧನಾ ಸಂಸ್ಥೆಯ ನಿರ್ದೇಶಕರು ಮೊದಲೇ ಎಚ್ಚರಿಸಿದ್ದರು.

ಹಿಂದಿನ ಸಾಲಿನಲ್ಲಿ ಅನೂಪ್ ಇದ್ದ. ಧಾರಿಣಿ ಅವನನ್ನು ಗಮನಿಸಲಿಲ್ಲ.

“ನನ್ನ ಮಾತಿನಲ್ಲಿ ಅರ್ಧ ಮಾತ್ರ ನಿಮಗೆ ಬೇಕಾಗಿತ್ತು,” ಅವಳು ಅಧಿಕಾರಿಯತ್ತ ತಿರುಗಿದಳು. “ಪ್ರವಾಹದ ಅಪಾಯ ಇದೆ, ನಿಜ. ಅದಕ್ಕೇ ಮೊದಲು ಹತ್ತಿರದ ಎತ್ತರದ ಜಾಗದಲ್ಲಿ ಮನೆ ಕಟ್ಟಿಕೊಡಿ, ಆಮೇಲೆ ಇವರನ್ನು ಕದಲಿಸಿ ಅಂದಿದ್ದೆ. ನೀವು ಚಳಿಗಾಲದಲ್ಲಿ ಬೀದಿಗೆ ಹಾಕಿದಿರಿ. ಶಾಂತಿ ಚಾಚಿ ಸತ್ತೇಹೋದಳು! ಅವಳ ಹೊಲದ ಮೇಲೆ ಹುಲ್ಲುಹಾಸು ಬೆಳೆಸೋದಕ್ಕೆ ನನ್ನ ಹೆಸರು ಬಳಸಬೇಡಿ.”

ಧಾರಿಣಿ ಮೈಕ್ ಕೆಳಗಿಟ್ಟಳು. ಮೆಟ್ಟಿಲಿಳಿಯುವಾಗಲೇ ನಿರ್ದೇಶಕರು, “ನಾಳೆಯಿಂದ ಬರಬೇಡಿ,” ಎಂದರು.

ಹೊರಗೆ ಬೇವಿನ ಮರದ ಕೆಳಗೆ ಒಬ್ಬಳೇ ನಿಂತಿದ್ದಾಗ, ಹಿಂದಿನಿಂದ ಅವನ ದನಿ ಕೇಳಿಸಿತು.

“ನನಗೆ ಯಾಕೆ ಹೇಳಲಿಲ್ಲ?”

“ನೀನು ಕೇಳಿಸಿಕೊಳ್ಳಲಿಲ್ಲ.”

ಅನೂಪ್ ಮುಖ ಮುಚ್ಚಿಕೊಂಡು ಅತ್ತ. “ತಪ್ಪಾಯ್ತು ಧಾರಿಣಿ... ಕೇಸ್ ಸೋತಿದ್ದು ನಾನು. ಆ ಸಂಕಟಾನೆಲ್ಲ ನಿನ್ನ ಮೇಲೆ ಹಾಕಿಬಿಟ್ಟೆ.”

“ಚಾಚಿ ಇನ್ನು ಬರಲ್ಲ, ಅನೂಪ್.”

ಅನೂಪ್ ಮುಖದಿಂದ ಕೈ ತೆಗೆದ.

“ಉಳಿದವರಿಗೆ ಹತ್ತಿರದಲ್ಲೇ ಮನೆ ಕೊಡಿ ಅಂತ ಮತ್ತೆ ಕೋರ್ಟಿಗೆ ಹೋಗ್ತೀನಿ. ಇವತ್ತು ಹೇಳಿದ್ದನ್ನ ಅಲ್ಲೂ ಹೇಳ್ತೀಯಾ?”

“ಹೇಳ್ತೀನಿ.”

“ಮತ್ತೆ... ನನ್ನ ಜೊತೆ ಇರ್ತೀಯಾ?”

ಧಾರಿಣಿ ಕಣ್ಣೊರೆಸಿಕೊಂಡಳು.

“ನನಗೆ ನಿನ್ನ ಮೇಲೆ ಇನ್ನೂ ಸಿಟ್ಟಿದೆ.”

“ಗೊತ್ತು.”

“ಸಿಟ್ಟು ಮಾಡಿಕೊಂಡೇ ಇರ್ತೀನಿ. ನಡೆಯುತ್ತಾ?”

ಅನೂಪ್ ಅವಳ ಕೈ ಹಿಡಿದುಕೊಂಡ.

“ಎಷ್ಟು ಬೇಕಾದರೂ ಮಾಡ್ಕೋ. ನನ್ನ ಪಕ್ಕದಲ್ಲೇ ಇದ್ದು ಮಾಡ್ಕೋ...”